ಲೇಡೀಸ್ ಡಬ್ಬದಲ್ಲೊಂದು ದೋಣಿ

"ಹ್ವಾಯ್, ಸ್ವಲ್ಪ ಆಚೆ ಸರೀತೀರಾ?"

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಲೇಡೀಸ್ ಡಬ್ಬದೊಳಗೆ ಹೇಗೋ ಒಂದು ಕಾಲೂರಿ ನಿಂತಿದ್ದ ನನ್ನ ಬೆನ್ನ ಹಿಂದಿನಿಂದ ಈ ಮಾತು ಬಂತು. ನಾನು ಸರಿಯುವುದನ್ನೇ ಮರೆತು ತಿರುಗಿ ನೋಡಿದೆ. ಮದುವೆಯಾಗಿ ಇಂಡಿ ತಾಲೂಕಿನ ಕಡೆಯಿಂದ ಈ ಊರಿಗೆ ಬಂದ ಮೇಲೆ ಆ ಡಬ್ಬದಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಮರಾಠಿಯ ಬೈಗುಳ, ಹಿಂದಿಯ ಬೈಗುಳ, ಅವಸರವಿದ್ದಾಗ ಎರಡೂ ಸೇರಿಸಿದ್ದು. ಕನ್ನಡ ಅದೇ ಮೊದಲು. ಎರಡು ಹೆಗಲಿಗೆ ಎರಡು ಚೀಲ ಹಾಕಿಕೊಂಡ, ಕುಳ್ಳಗೆ ದುಂಡಗಿದ್ದ ಹೆಂಗಸೊಬ್ಬರು ನನ್ನನ್ನು ನೋಡಿ ನಗುತ್ತಿದ್ದರು.

"ನಾ ಕನ್ನಡದಾಕಿ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದೆ.

"ಗೊತ್ತೆಲ್ಲಿತ್ತು ಮಾರಾಯ್ತಿ? ನಾನು ಎಲ್ಲರ ಹತ್ರವೂ ಮೊದಲು ಕನ್ನಡದಲ್ಲೇ ಕೇಳುವುದು. ಸಿಕ್ಕಿದ್ರೆ ಸಿಕ್ಕಿತು. ಇಲ್ಲದಿದ್ರೆ ಮರಾಠಿ ಉಂಟಲ್ವಾ?"

ಇದು ಬಾಯಿಮಾತಲ್ಲ. ಭಾಜಿ ಮಾರುವವನ ಹತ್ತಿರ, ರಿಕ್ಷಾದವನ ಹತ್ತಿರ, ಪಾಸ್ ಕೇಳಲು ಬಂದ ಟಿ.ಸಿ.ಯ ಹತ್ತಿರ, ಎಲ್ಲರ ಹತ್ತಿರವೂ ಅವರ ಮೊದಲ ವಾಕ್ಯ ಕನ್ನಡದ್ದು. ಎದುರಿನವರು ಕಣ್ಣು ಪಿಳುಕಿಸಿದ ಮೇಲೆಯೇ ಎರಡನೆಯ ವಾಕ್ಯ, ಅದು ಸೊಗಸಾದ ಮರಾಠಿಯಲ್ಲಿ. ಹೀಗೆ ಕೂಗಿ ಕೂಗಿ ಅವರು ಆ ಊರಿನಲ್ಲಿ ಹುಡುಕಿ ತೆಗೆದ ಕನ್ನಡಿಗರಲ್ಲಿ ನಾನೂ ಒಬ್ಬಳು. ನಾವಿಬ್ಬರೂ ರಬಾಳೆಯಲ್ಲಿ ಇಳಿಯುವವರೆಂದು ತಿಳಿದ ಮೇಲಂತೂ ನನ್ನನ್ನು ಬಿಡಲಿಲ್ಲ. ಅಲ್ಲಿ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ಅವರ ಕೆಲಸ. ಅದರ ಹಿಂದಿನ ಬೀದಿಯ ಸಣ್ಣ ಆಫೀಸಿನಲ್ಲಿ ನನ್ನದು. ನಾನು ಅವರನ್ನು ಅಕ್ಕಾರ ಅನ್ನುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ. ಹೆಸರು ಬರೆದರೆ, "ನನ್ನನ್ನು ಕೇಳಿದೆಯಾ?" ಎಂದು ಜಗಳಕ್ಕೆ ಬರಲು ಅವರು ಈಗಿಲ್ಲ, ಆದರೂ ಭಯ ಹೋಗಿಲ್ಲ.

ಟ್ರೇನಿನಲ್ಲಿ ಬದುಕುವುದನ್ನು ನನಗೆ ಕಲಿಸಿದವರು ಅವರು. ಠಾಣೆಯ ಕಡೆ ಹೋಗಬೇಕಾದ ನಾವು ಬೆಳಿಗ್ಗೆ ಮೊದಲು ಉಲ್ಟಾ, ಕಲ್ಯಾಣದ ಗಾಡಿ ಹತ್ತುತ್ತಿದ್ದೆವು. ಅದು ಖಾಲಿ ಇರುತ್ತದೆ. ಕಿಟಕಿಯ ಪಕ್ಕ ಕೂತುಬಿಟ್ಟರೆ, ಕಲ್ಯಾಣದಲ್ಲಿ ಅದೇ ಗಾಡಿ ತಿರುಗಿ ನಮ್ಮನ್ನು ಕೂಡಿಸಿಕೊಂಡೇ ವಾಪಸು ಬರುತ್ತದೆ. ಇದಕ್ಕೆ ರಿಟರ್ನ್ ಹೋಗುವುದು ಎನ್ನುತ್ತಾರೆ. ಕಲ್ಯಾಣದ ಹೆಂಗಸರು ಹತ್ತಿ ನಮ್ಮನ್ನು ಕಂಡು ಹಲ್ಲು ಕಡಿಯುತ್ತಿದ್ದರು. ಅಕ್ಕ ಅವರಿಗೂ ಕನ್ನಡದಲ್ಲೇ "ಬನ್ನಿ ಬನ್ನಿ" ಎನ್ನುತ್ತಿದ್ದರು. ಏನು ಹೇಳಿದರೆಂದು ತಿಳಿಯದೆ ಅವರು ಇನ್ನಷ್ಟು ಸಿಟ್ಟಾಗುತ್ತಿದ್ದರು.

ಇಷ್ಟು ಮಾತಿನ ಅಕ್ಕನ ಮನೆಯಲ್ಲಿ ಮಾತ್ರ ಕನ್ನಡ ನಿಂತುಹೋಗಿತ್ತು. ಗಂಡ ತೀರಿಕೊಂಡಿದ್ದರು. ಉಳಿದವನು ಒಬ್ಬ ಮಗ. ಠಾಣೆಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ, ಒಳ್ಳೆಯ ಹುಡುಗ, ತಾಯಿಯ ಮೇಲೆ ಪ್ರಾಣ. ಆದರೆ ಹುಟ್ಟಿ ಬೆಳೆದದ್ದು ಡೊಂಬಿವಲಿ. ತಾಯಿ ಕುಂದಾಪುರದ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನ ಉತ್ತರ ಮರಾಠಿಯಲ್ಲಿ. ತಾಯಿಯನ್ನು ಕರೆಯುತ್ತಿದ್ದದ್ದೂ ಗೆಳೆಯರೆಲ್ಲ ಕರೆಯುವ ಹಾಗೆ 'ಆಯಿ' ಎಂದೇ.

"ಆಯಿ ಅಂದ್ರೂ ಅಮ್ಮನೇ, ನನಗೆ ಗೊತ್ತಿಲ್ವಾ?" ಎಂದರು ಒಮ್ಮೆ, ಕಿಟಕಿಯಾಚೆ ನೋಡುತ್ತ. "ಆದ್ರೆ ನನ್ನ ಅಮ್ಮನನ್ನು ನಾನು ಅಮ್ಮ ಅಂತಿದ್ದೆ. ನನ್ನನ್ನು ಯಾರೂ ಹಾಗೆ ಕರೀಲೇ ಇಲ್ಲ ನೋಡು. ಕನ್ನಡ ನಾನೊಬ್ಬಳೇ ಎಷ್ಟು ಅಂತ ಆಡುವುದು? ಮಾತಾಡ್ಲಿಕ್ಕೆ ಇಬ್ಬರು ಬೇಕಲ್ವಾ?"

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆಗ ನನ್ನ ಮಗಳು ಮರಾಠಿ ಬಾಲವಾಡಿಗೆ ಹೋಗತೊಡಗಿದ್ದಳು.

ಒಂದು ಸೋಮವಾರ ಅಕ್ಕ ಚೀಲದಿಂದ ಹಳದಿ ಬಣ್ಣದ ದಪ್ಪ ಕ್ಯಾಸೆಟ್ಟೊಂದನ್ನು ತೆಗೆದು ನನ್ನ ಕೈಗಿಟ್ಟರು. ಹಾಡಿನ ಕ್ಯಾಸೆಟ್ಟಲ್ಲ, ಮಕ್ಕಳು ಟೀವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೊ ಗೇಮಿನದು. ಸ್ಮಾರ್ಟ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಆದರೂ ಆ ಕ್ಯಾಸೆಟ್ಟುಗಳ ಕಾಲ ಆಗಲೇ ಮುಗಿದಿತ್ತು. ಭಾನುವಾರ ಅಟ್ಟ ಸಾಫು ಮಾಡುವಾಗ ಸಿಕ್ಕಿತಂತೆ. ಅದರಲ್ಲೊಂದು ದೋಣಿಯ ಆಟ. ಚಿಕ್ಕವನಿದ್ದಾಗ ಮಗ ಹಗಲೆಲ್ಲ ಅದನ್ನೇ ಆಡಿ, ಕೊನೆಯ ಹಂತ ಮುಗಿಸಿ ಕೇರಿಗೆಲ್ಲ ಕೇಳುವಂತೆ ಕೂಗಿದ್ದನಂತೆ. ಆಗ ಅಡುಗೆಮನೆಯಲ್ಲಿದ್ದ ಅಕ್ಕ ಓಡಿ ಬರುವಷ್ಟರಲ್ಲಿ ಕರೆಂಟು ಹೋಗಿತ್ತು.

"ಕೊನೆಗೆ ಎಂತ ಬರ್ತದೆ ಅಂತ ಅವತ್ತಿಂದ ಕೇಳ್ತಾ ಇದ್ದೇನೆ. ಹೇಳುವುದಿಲ್ಲ ಹಾಳಾದವ. ನಿನ್ನೆಯೂ ಕೇಳಿದೆ. 'ತೂಚ್ ಖೇಳ್ ಆಣಿ ಬಘ್' ಅಂದ. ನೀನೇ ಆಡಿ ನೋಡು ಅಂತ! ಆಡ್ತೇನೆ ಅಂದೆ. 'ಆಯಿ, ತುಲಾ ನಾಹೀ ಜಮ್ಣಾರ್' ಅಂದ. ನನಗೆ ಆಗೂದಿಲ್ವಂತೆ!"

ಅಲ್ಲಿಂದ ಪಂಥ ಬಿತ್ತು. ಅಕ್ಕ ನಿವೃತ್ತಿಯಾಗುವುದರೊಳಗೆ ಅದೇ ಕ್ಯಾಸೆಟ್ಟಿನ ಅದೇ ಆಟ ಮುಗಿಸಿದರೆ ಮಗ ಮನೆಯಲ್ಲಿ ಕನ್ನಡವನ್ನೇ ಆಡಬೇಕು, ಅಮ್ಮ ಎಂದೇ ಕರೆಯಬೇಕು. ಮುಗಿಸದಿದ್ದರೆ ಅಕ್ಕ ಇನ್ನೆಂದೂ ಆ ವಿಷಯ ಎತ್ತಬಾರದು. ನಿವೃತ್ತಿಗೆ ಉಳಿದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಟೀವಿಗೆ ಹಾಕುವ ಹಳೆಯ ಪೆಟ್ಟಿಗೆ ಕೆಟ್ಟು ಯಾವುದೋ ಕಾಲವಾಗಿತ್ತು. ಅದಕ್ಕೇ ಮಗ ಅಷ್ಟು ಧೈರ್ಯದಿಂದ ಒಪ್ಪಿಕೊಂಡಿದ್ದ.

ಆ ಶನಿವಾರ ನಾವು ಕಲ್ಯಾಣ ಸ್ಟೇಷನ್ನಿನ ಹೊರಗಿನ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಚಾರ್ಜರು, ಟಾರ್ಚು, ಇಯರ್ ಫೋನುಗಳ ನಡುವೆ ಒಬ್ಬನ ಬಳಿ ಸಿಕ್ಕಿತು. ಅಂಗೈಯಗಲದ ಬೂದು ಪ್ಲಾಸ್ಟಿಕ್ಕಿನ ಯಂತ್ರ. ಯಾವುದೋ ದೊಡ್ಡ ಕಂಪನಿಯದರ ನಕಲು, ಮೇಲಿನ ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆ. ಮುಂದೆ ಸಣ್ಣ ಪರದೆ, ಬೆನ್ನಿಗೆ ಹಳೆಯ ಕ್ಯಾಸೆಟ್ ಸಿಗಿಸುವ ಸೀಳು, ಹೊಟ್ಟೆಗೆ ಪೆನ್ಸಿಲ್ ಸೆಲ್ಲು.

"ಮುಲಾಸಾಠೀ ಕಾ?" ಎಂದ ಅಂಗಡಿಯವನು. ಮಗನಿಗಾ ಎಂದು.

"ಮಾಝ್ಯಾಸಾಠೀ," ಎಂದರು ಅಕ್ಕ. ನನಗೇ!

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅಕ್ಕ ಅಲ್ಲೇ ಕ್ಯಾಸೆಟ್ ತೆಗೆದು, ಒದ್ದೆ ಸೌದೆಯ ಒಲೆಗೆ ಊದುವ ಹಾಗೆ ಅದರ ಬಾಯಿಗೆ ಊದಿ ಸಿಗಿಸಿದರು. ಪರದೆಯಲ್ಲಿ ನೀಲಿ ಹೊಳೆ ಹರಿಯಿತು, ಪುಟ್ಟ ದೋಣಿ ಬಂತು, ಮೊದಲ ಬಂಡೆಗೇ ಬಡಿದು ಮುಳುಗಿತು. "ಚಾಲತಂಯ್!" ಎಂದು ಅಂಗಡಿಯವನಿಗಿಂತ ಮೊದಲು ಅಕ್ಕನೇ ಕೂಗಿದರು. ಓಡುತ್ತದೆ ಎಂಬುದು ಗೊತ್ತಾದಮೇಲೆ ಒಂದು ಜತೆ ಸೆಲ್ಲು ಪುಕ್ಕಟೆ ಕೊಡಿಸಿಕೊಳ್ಳುವವರೆಗೆ ಅಲ್ಲಿಂದ ಕದಲಲಿಲ್ಲ.

ಮನೆಯಲ್ಲಿ ಕೂತು ಆಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಮನೆಯಲ್ಲಿ ಕೂತ್ರೆ ಕೈ ತಾನಾಗಿ ಕೆಲಸ ಹುಡುಕ್ತದೆ ಮಾರಾಯ್ತಿ. ಟ್ರೇನಿನಲ್ಲಿ ಮಾತ್ರ ನನ್ನ ಹತ್ರ ಯಾರೂ ಎಂತದೂ ಕೇಳುವುದಿಲ್ಲ," ಎಂದರು. ಆ ಮಾತು ಡಬ್ಬದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬಳು ಮೇಥಿ ಸೋಸುತ್ತಿದ್ದಳು, ಒಬ್ಬಳು ಕ್ರೋಷಾ ಹಾಕುತ್ತಿದ್ದಳು, ಒಬ್ಬಳು ಜಪ ಮಾಡುತ್ತಿದ್ದಳು. ಅವರ ನಡುವೆ ಅಕ್ಕ ದೋಣಿ ನಡೆಸತೊಡಗಿದರು.

ಆ ಆಟಕ್ಕೊಂದು ಕೆಟ್ಟ ಗುಣವಿತ್ತು. ಎಲ್ಲಿಗೆ ಬಂದೆವೆಂಬುದನ್ನು ಅದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬಂದ್ ಮಾಡಿದರೆ ಮತ್ತೆ ಮೊದಲ ಬಂಡೆಯಿಂದಲೇ ಶುರು. ಹಾಗಾಗಿ ಒಂದೇ ಪ್ರಯಾಣದಲ್ಲಿ ಎಲ್ಲ ಹಂತ ಮುಗಿಯಬೇಕು. ನಡುವೆ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಅಕ್ಕ ಆಟವನ್ನು ಬಂದ್ ಮಾಡದೆ ಇದ್ದಲ್ಲೇ ತಡೆದು, ಯಂತ್ರವನ್ನು ಆರತಿ ತಟ್ಟೆಯಂತೆ ತಲೆಯ ಮೇಲೆ ಹಿಡಿದು ಠಾಣೆಯ ಸೇತುವೆ ಹತ್ತುತ್ತಿದ್ದರು. ಅವರ ಎರಡೂ ಚೀಲ ನನ್ನ ಹೆಗಲಿಗೆ. ಮುಂದೆ ದಾರಿ ಬಿಡಿಸುತ್ತ ಹೋಗುತ್ತಿದ್ದವರು ನಮ್ಮ ಸಿಸ್ಟರ್, ಐರೋಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮರಾಠಿ ಗೆಳತಿ. "ಪೇಶಂಟ್ ಆಹೇ, ಬಾಜೂ ವ್ಹಾ!" ರೋಗಿಯಿದ್ದಾರೆ, ಸರಿಯಿರಿ ಎಂದು ಅವರು ಆಸ್ಪತ್ರೆಯ ದನಿಯಲ್ಲಿ ಗದರಿಸಿದರೆ ಗಂಡಸರೂ ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ರೋಗಿ ಯಾರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮೂವರನ್ನೂ ತೋರಿಸಬಹುದಿತ್ತು.

ಆಡುವಾಗ ಅಕ್ಕನ ಬಾಯಿ ಸುಮ್ಮನಿರುತ್ತಿರಲಿಲ್ಲ. ಪರದೆಯ ಮೊಸಳೆಗೆ "ಹೋಗಾ ಆಚೆ" ಎನ್ನುತ್ತಿದ್ದರು. ಹೊಳೆಯಲ್ಲಿ ತೇಲಿಬರುವ ಡೀಸೆಲ್ ಡಬ್ಬಿ ತಪ್ಪಿದರೆ ದೋಣಿಯವನನ್ನೇ ಬೈಯುತ್ತಿದ್ದರು. "ನಮ್ಮ ಗಂಗೊಳ್ಳಿ ಹೊಳೆಯಲ್ಲಿ ಹೀಗೆ ದೋಣಿ ಬಿಟ್ಟಿದ್ರೆ ಇವನನ್ನು ಮೀನಿಗೆ ಹಾಕ್ತಿದ್ರು!" ಮಳೆಗಾಲ ಕಳೆಯುವಷ್ಟರಲ್ಲಿ ಮೇಥಿ ಸೋಸುವವಳಿಗೂ ಮೊಸಳೆ ಯಾವ ಕಡೆಯಿಂದ ಬರುತ್ತದೆಂದು ಬಾಯಿಪಾಠವಾಗಿತ್ತು. ಪಂಥ ಏನೆಂದು ಡಬ್ಬಕ್ಕೆಲ್ಲ ಗೊತ್ತಿತ್ತು. ಕಲ್ಯಾಣದ ಹೆಂಗಸರು ಕೂಡ ಹತ್ತಿದೊಡನೆ ಸೀಟಿನ ಜಗಳಕ್ಕಿಂತ ಮೊದಲು "ಕುಠೆ ಪರ್ಯಂತ ಗೇಲಾ?" ಎಂದು ಕೇಳತೊಡಗಿದರು. ಎಲ್ಲಿವರೆಗೆ ಹೋಯಿತು? ಅಕ್ಕ ಕೊನೆಯ ಹಂತದವರೆಗೆ ಎಷ್ಟೋ ಸಲ ಹೋಗಿ ಮುಳುಗಿದ್ದರು. ಮುಳುಗಿದ ದಿನ ರಬಾಳೆಯವರೆಗೂ ಮಾತಿಲ್ಲ. ಇಳಿಯುವಾಗ ಮಾತ್ರ, "ನಾಳೆ ಬಲಗಡೆಯಿಂದ ಹೋಗ್ತೇನೆ," ಎನ್ನುತ್ತಿದ್ದರು.

ಅಷ್ಟರಲ್ಲಿ ಅವರ ನೌಕರಿಯ ಕೊನೆಯ ದಸರೆ ಬಂತು. ಹಬ್ಬದ ಮುಂಚಿನ ಕೆಲಸದ ದಿನ ನಮ್ಮ ಡಬ್ಬಕ್ಕೆ ಪೂಜೆ. ಗೊಂಡೆಹೂವಿನ ಮಾಲೆ, ಮಾವಿನ ಎಲೆ, ಕಿಟಕಿಯ ಸರಳಿಗೆಲ್ಲ ಕುಂಕುಮ, ಎಲ್ಲರಿಗೂ ಪೇಡೆ. ಅಕ್ಕ ಯಂತ್ರವನ್ನೂ ದೇವಿಯ ಫೋಟೊದ ಮುಂದಿಟ್ಟರು. "ಸಿಸ್ಟರ್ ಸೂಜಿ ಇಟ್ಟಿದ್ದಾರೆ, ನೀನು ಕ್ಯಾಲ್ಕುಲೇಟರ್ ಇಟ್ಟಿದ್ದೀ. ನನ್ನ ಆಯುಧ ಇದು." ಕ್ಯಾಸೆಟ್ಟನ್ನು ಹೊರತೆಗೆದು ಅದಕ್ಕೂ ಅರಿಶಿನ ಕುಂಕುಮ ಹಚ್ಚಬೇಕೆಂದರು. ಆಗ ಒಂದು ಪ್ರಶ್ನೆ ಎದ್ದಿತು. ಕ್ಯಾಸೆಟ್ಟಿನ ಮುಖ ಯಾವ ಕಡೆ?

ನಾನು ಚಿತ್ರ ಅಂಟಿಸಿದ ಕಡೆ ಎಂದೆ. ಅಕ್ಕ ಒಪ್ಪಲಿಲ್ಲ. "ಊದುವುದು ಎಲ್ಲಿಗೆ? ಬಾಯಿ ಎಲ್ಲಿ ಉಂಟೋ ಮುಖ ಅಲ್ಲೇ ಅಲ್ವಾ?" ಎಂದು ಅದರ ತಾಮ್ರದ ಹಲ್ಲುಗಳ ಸಾಲಿಗೆ ಹಸಿ ಅರಿಶಿನ ಕುಂಕುಮ ಧಾರಾಳವಾಗಿ ಬಳಿದರು. ಕಣ್ಣು ಮುಚ್ಚಿ ಕೈಮುಗಿದರು. ಆರತಿ ಮುಗಿದೊಡನೆ ಅದನ್ನು ಹಾಗೆಯೇ ಯಂತ್ರಕ್ಕೆ ಸಿಗಿಸಿದರು.

ಹೊಳೆ ಬರಲಿಲ್ಲ. ಪರದೆಯ ತುಂಬ ಪಟ್ಟೆ ಪಟ್ಟೆ ಗೆರೆ.

ಅಕ್ಕನ ಮುಖ ನೋಡಲಾಗಲಿಲ್ಲ. ಬಾಯಲ್ಲಿ ಪೇಡೆ ಹಾಗೆಯೇ ಇತ್ತು. ಸಿಸ್ಟರ್ ಚೀಲದಿಂದ ಸ್ಪಿರಿಟ್ಟು, ಹತ್ತಿ ತೆಗೆದು, ಗಾಯ ತೊಳೆಯುವ ಹಾಗೆ ಒಂದೊಂದೇ ಹಲ್ಲನ್ನು ಉಜ್ಜಿದರು. ಹತ್ತಿ ಕೆಂಪಾಯಿತು. ಮರುವಾರವೂ ಉಜ್ಜಿದರು. ಕೊನೆಗೆ ಯಂತ್ರ ಬದುಕಿತು, ಆದರೆ ಒಂದು ಷರತ್ತಿನ ಮೇಲೆ. ಆಡುವಷ್ಟು ಹೊತ್ತೂ ಯಾರಾದರೂ ಕ್ಯಾಸೆಟ್ಟಿನ ಎಡಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಬಿಟ್ಟರೆ ಪಟ್ಟೆ. ಅಕ್ಕನ ಎರಡು ಕೈಯೂ ಗುಂಡಿಗಳ ಮೇಲೆ. ಹಾಗಾಗಿ ಆ ಬೆರಳು ನನ್ನದಾಯಿತು.

ಹೀಗೆ ಇಬ್ಬರೂ ಸೇರಿ ಒಂದು ಯಂತ್ರವಾಗಿ ಓಡಾಡುತ್ತಿರುವಾಗಲೇ ಅವರ ನೌಕರಿಯ ಕೊನೆಯ ದಿನ ಬಂತು. ಬೆಳಿಗ್ಗೆಯ ದೋಣಿ ದೀವಾ ದಾಟುವ ಮೊದಲೇ ಮುಳುಗಿತು. ಉಳಿದದ್ದು ಸಂಜೆಯ ಪ್ರಯಾಣ ಮಾತ್ರ. ಸಂಜೆ ಅಕ್ಕ ಶಾಲು ಹೊದ್ದು, ಕೊರಳಿಗೆ ಹಾರ ಹಾಕಿಕೊಂಡೇ ರಬಾಳೆ ಸ್ಟೇಷನ್ನಿಗೆ ಬಂದರು. ಕಂಪನಿಯವರು ಕೊಟ್ಟ ಗೋಡೆ ಗಡಿಯಾರ ನನ್ನ ಬಗಲಿಗೆ ಬಂತು. ಪ್ಲಾಟ್‌ಫಾರಮ್ಮಿನಲ್ಲೇ ಆಟ ಶುರು. ಐರೋಲಿಯಲ್ಲಿ ಸಿಸ್ಟರ್ ಹತ್ತಿದರು. ಠಾಣೆಯ ಸೇತುವೆಯಲ್ಲಿ ಹಾರ ಹಾಕಿದ ಹೆಂಗಸು, ಅವಳ ಕೈಯಲ್ಲಿದ್ದದ್ದನ್ನು ಒತ್ತಿ ಹಿಡಿದ ಇನ್ನೊಬ್ಬಳು, ಮುಂದೆ "ಪೇಶಂಟ್ ಆಹೇ" ಎಂಬ ಕೂಗು. ಕಂಡವರು ಏನೆಂದುಕೊಂಡರೋ ದೇವರೇ ಬಲ್ಲ.

ಡೊಂಬಿವಲಿಯ ಗಾಡಿಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಕಳವಾ ಹೋಯಿತು, ಮುಂಬ್ರಾ ಹೋಯಿತು. ಕೋಪರ್ ಬರುವ ಹೊತ್ತಿಗೆ ದೋಣಿ ಕೊನೆಯ ಹಂತ ಹೊಕ್ಕಿತು. ಅಷ್ಟರಲ್ಲಿ ಡೊಂಬಿವಲಿಯೂ ಬಂದೇಬಿಟ್ಟಿತು.

"ಅಕ್ಕಾರ, ಇಳಿಯೂದೈತ್ರಿ!"

"ಸುಮ್ನಿರು ಮಾರಾಯ್ತಿ. ರಿಟರ್ನ್ ಬರುವಾ."

ಡೊಂಬಿವಲಿಯ ಜನವೆಲ್ಲ ಇಳಿದು ಡಬ್ಬ ಖಾಲಿಯಾಯಿತು. ನಾವು ಕೂತೆವು. ಠಾಕುರ್ಲಿ ದಾಟಿದ ಮೇಲೆ ಮೊಸಳೆಗಳು ಸಾಲಾಗಿ ಬಂದವು. ಅಕ್ಕ ಬೈಯುವುದನ್ನೂ ಮರೆತಿದ್ದರು. ನನ್ನ ಬೆರಳು ಜೋಮು ಹಿಡಿದು ನನ್ನದೋ ಅಲ್ಲವೋ ಎಂಬಂತಾಗಿತ್ತು. ದೋಣಿ ಬಲಗಡೆಯಿಂದ ಹೋಯಿತು, ಒಂದು ಬಂಡೆ ತಪ್ಪಿಸಿತು, ಮತ್ತೊಂದು ತಪ್ಪಿಸಿತು, ಆಮೇಲೆ ಎದುರಿಗೆ ಬಂಡೆಯೇ ಇರಲಿಲ್ಲ. ಹೊಳೆ ಅಗಲವಾಯಿತು. ಒಂದು ಬಂದರು ಬಂತು. ದಂಡೆಯಲ್ಲಿ ಕಡ್ಡಿಯಂಥ ನಾಲ್ಕಾರು ಜನ ನಿಂತು ಕೈ ಬೀಸುತ್ತಿದ್ದರು. ಮೇಲೆ ಯಾವುದೋ ದೇಶದ ಲಿಪಿಯಲ್ಲಿ ಒಂದು ಸಾಲು.

"ಇಷ್ಟೇಯಾ?" ಎಂದರು ಅಕ್ಕ. ಹಾಗೆಂದವರು ನಕ್ಕು ನಕ್ಕು, ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಸಿಸ್ಟರ್ ಅವರ ಕೆನ್ನೆ ಹಿಂಡಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆದರೆ ಮಗ ನಂಬಬೇಕಲ್ಲ? ಅವನು ಕಣ್ಣಾರೆ ನೋಡಬೇಕೆಂದು ಅಕ್ಕನ ಹಟ. ಹಾಗಾಗಿ ಯಾವ ಗುಂಡಿಯನ್ನೂ ಮುಟ್ಟದೆ, ನಾನು ಬೆರಳು ತೆಗೆಯದೆ, ಕಲ್ಯಾಣದಿಂದ ಅದೇ ಗಾಡಿಯಲ್ಲಿ ವಾಪಸು ಬಂದು ರಿಕ್ಷಾ ಹತ್ತಿದೆವು. ಗಡಿಯಾರ, ಚೀಲಗಳೆಲ್ಲ ಸಿಸ್ಟರ್ ಪಾಲಿಗೆ. ಸೆಲ್ಲು ಇಳಿಯುತ್ತ ಪರದೆ ಮಂಕಾಗುತ್ತಿತ್ತು. ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. "ರಸ್ತೆ ನೋಡಿ ಬಿಡು ಮಾರಾಯ," ಎಂದರು ಅಕ್ಕ. ಆಮೇಲೆ ಅದನ್ನೇ ಮರಾಠಿಯಲ್ಲಿ.

ಬಾಗಿಲು ತೆರೆದ ಮಗ ಹಾರ, ಶಾಲು, ಯಂತ್ರ, ಅದಕ್ಕೆ ಅಂಟಿಕೊಂಡ ನನ್ನನ್ನು ಒಂದೊಂದಾಗಿ ನೋಡಿದ. ಅಕ್ಕ ಪರದೆಯನ್ನು ಅವನ ಮುಖದ ಮುಂದೆ ಹಿಡಿದರು. ದಂಡೆಯ ಜನ ಇನ್ನೂ ಕೈ ಬೀಸುತ್ತಿದ್ದರು. ಅವನು ಬಾಗಿ ನೋಡಿದ. ಬಹಳ ಹೊತ್ತು ನೋಡಿದ.

"ಅಮ್ಮ," ಎಂದ. "ಒಳಗೆ... ಒಳಗೆ ಬಾ."

ಮುಂದಿನ ಶಬ್ದ ಅವನಿಗೆ ಸಿಗಲಿಲ್ಲ. ನೆತ್ತಿ ಕೆರೆದುಕೊಂಡು ಸೂರು ನೋಡಿದ.

"ಹೂಂ. ಇವತ್ತಿಗೆ ಅಷ್ಟು ಸಾಕು ಮಗ," ಎಂದರು ಅಕ್ಕ. ನಾನು ಬೆರಳು ತೆಗೆದೆ. ಬಂದರು ಹೋಗಿ ಪಟ್ಟೆ ಬಂತು. ಯಾರೂ ಅದರ ಕಡೆ ನೋಡಲಿಲ್ಲ.

ಆಮೇಲೆ ಅವರು ಡೊಂಬಿವಲಿಯ ಬಾಡಿಗೆ ಮನೆ ಬಿಟ್ಟು ಟಿಟ್ವಾಳಾದಲ್ಲಿ ಕೊಂಡ ಸ್ವಂತ ಫ್ಲ್ಯಾಟಿಗೆ ಹೋದರು. ಅಕ್ಕನ ಫೋನು ಬರುತ್ತಿತ್ತು. "ಇವತ್ತು ಚಟ್ನಿಗೆ ಉಪ್ಪು ಕಮ್ಮಿ ಆಯಿತು ಅಂದ ನೋಡು, ಪೂರಾ ಕನ್ನಡದಲ್ಲಿ! ಅದಕ್ಕೆ ನಾನು ಬೇಕಂತ್ಲೇ ಉಪ್ಪು ಕಮ್ಮಿ ಹಾಕುವುದು." ಇಂಥ ಸುದ್ದಿಗಳು. ಹಿಂದಿನಿಂದ ಮಗನ ದನಿಯೂ ಕೇಳುತ್ತಿತ್ತು, ಏನೋ ತಪ್ಪಾಗಿ ಹೇಳಿ ತಿದ್ದಿಸಿಕೊಳ್ಳುತ್ತ. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಟ್ರೇನಿನಲ್ಲೂ ಕಂಡಿರಲಿಲ್ಲ. ಕೆಲವು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಅಕ್ಕ ಮಲಗಿದಲ್ಲೇ ಹೋದರು. ಸುದ್ದಿ ಸಿಸ್ಟರ್ ಮುಖಾಂತರ ತಿಳಿಯುವಾಗ ನಾನು ತವರೂರಿನಲ್ಲಿದ್ದೆ. ಕ್ರಿಯೆಗಳೆಲ್ಲ ಮುಗಿದ ಮೇಲೆ ಟಿಟ್ವಾಳಾಕ್ಕೆ ಹೋದೆ.

ಒಂದೇ ಥರದ ಬಿಲ್ಡಿಂಗುಗಳ ನಡುವೆ ದಾರಿ ತಪ್ಪಿ ನಿಂತಿದ್ದಾಗ ಮೇಲಿನಿಂದ ದನಿ ಬಂತು.

"ಹ್ವಾಯ್ ಆಂಟೀ! ಆ ಗೇಟಲ್ಲ, ಈಚೆ ಬನ್ನಿ!"

ಅದೇ ಕೂಗು, ಅದೇ ರಾಗ. ಗ್ಯಾಲರಿಯಲ್ಲಿ ಮಗ ಬಗ್ಗಿ ಕೈ ಬೀಸುತ್ತಿದ್ದ.

ಚಹಾ ಮಾಡಿ ಕೊಟ್ಟ. ಅಮ್ಮ ಹೋದ ದಿನದ್ದೆಲ್ಲ ಕನ್ನಡದಲ್ಲೇ ಹೇಳಿದ, ಅಲ್ಲಲ್ಲಿ ಎಡವುತ್ತ, ಕುಂದಾಪುರದ ಎಳೆತದೊಂದಿಗೆ. "ಈಗ ಮನ್ಯಾಗ ಕನ್ನಡ ಯಾರ ಜೋಡಿ ಮಾತಾಡ್ತಿಯಪಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ ಅನ್ನಿಸಿತು.

ಅವನು ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಆ ಬೂದು ಯಂತ್ರವಿತ್ತು. ಸೀಳಿನ ಅಂಚಿನಲ್ಲಿ ಕುಂಕುಮದ ಕಲೆ ಇನ್ನೂ ಹೋಗಿರಲಿಲ್ಲ. ನನ್ನ ಪಕ್ಕದಲ್ಲೇ ಕೂತು, ಕ್ಯಾಸೆಟ್ಟಿಗೆ ಊದಿ ಸಿಗಿಸಿ, ಎಡಮೂಲೆಯನ್ನು ನನ್ನ ಕಡೆ ತಿರುಗಿಸಿದ.

"ಒತ್ತಿ ಹಿಡ್ಕೊಳ್ಳಿ ಆಂಟಿ. ಒಬ್ಬನೇ ಆದ್ರೆ ಆಗೂದಿಲ್ಲ. ಇಬ್ಬರು ಬೇಕಲ್ವಾ?"

ನಾನು ಬೆರಳಿಟ್ಟೆ. ಹೊಳೆ ಬಂತು, ದೋಣಿ ಬಂತು.

"ಎಡಕ್ಕ ಮೊಸಳಿ ಐತಿ ನೋಡಪಾ," ಎಂದೆ.

"ಕಂಡೆ ಆಂಟಿ. ನೀವು ಬೆರಳು ತೆಗೀಬೇಡಿ," ಎಂದ.